ಲಾಳಿಗೆ ಕೊಟ್ಟ ಮುತ್ತು

ಕೊರೋನಾದ ಆ ವಸಂತದಲ್ಲಿ ಐರ್ಲೆಂಡಿನ ಸರ್ಕಾರ, ಎಪ್ಪತ್ತು ದಾಟಿದವರು ಯಾರೂ ಮನೆಯಿಂದ ಹೊರಗೆ ಕಾಲಿಡಬಾರದೆಂದು ಹೇಳಿ, ಹಾಗೆ ಒಳಗಿರುವುದಕ್ಕೆ 'ಕಕೂನಿಂಗ್' ಎಂದು ಹೆಸರಿಟ್ಟಿತು. ಟೀವಿಯಲ್ಲಿ ಅದನ್ನು ವಿವರಿಸಿದವರ ಮುಖದಲ್ಲಿ ಅಕ್ಕರೆಯೇ ಇತ್ತು. ನಾನು ಹತ್ತಿಯ ಮಿಲ್ಲಿನಲ್ಲಿ ದುಡಿದವನು, ರೇಷ್ಮೆಯವನಲ್ಲ. ಆದರೂ ಕಕೂನ್ ಎಂದರೆ ರೇಷ್ಮೆಗೂಡೆಂದೂ, ಗೂಡಿನೊಳಗೆ ನೆಮ್ಮದಿಯಾಗಿ ಮಲಗಿದ ಹುಳುವನ್ನು ಕೊನೆಗೆ ಕುದಿಯುವ ನೀರಿಗೆ ಹಾಕುತ್ತಾರೆಂದೂ ಬಲ್ಲೆ.

"ಈ ಹೆಸರಿಟ್ಟವನು ರಾಮನಗರದ ಗೂಡಿನ ಮಾರ್ಕೆಟ್ ನೋಡಿದವನಲ್ಲ," ಎಂದೆ ಮಗಳಿಗೆ.

"ಅಪ್ಪಾ, ಅವರು ಚಿಟ್ಟೆ ಲೆಕ್ಕದಲ್ಲಿ ಹೇಳ್ತಿದ್ದಾರೆ. ನೀವು ಸೀರೆ ಲೆಕ್ಕದಲ್ಲಿ ಯೋಚನೆ ಮಾಡ್ತಿದ್ದೀರಿ," ಎಂದಳು ಅವಳು.

ಚಳಿಗಾಲ ಕಳೆದು ಹೋಗೋಣವೆಂದು ಇಲ್ಲಿಯ ಮೇನೂತ್ ಎಂಬ ಊರಿನ ಮಗಳ ಮನೆಗೆ ಬಂದಿದ್ದೆ. ಮರಳುವ ವಿಮಾನ ರದ್ದಾಗಿತ್ತು. ಮಗಳು ಆಸ್ಪತ್ರೆಯೊಂದರಲ್ಲಿ ವೈದ್ಯೆ. ಕೆಲಸದಿಂದ ಬಂದವಳು ಹಿತ್ತಲ ಬಾಗಿಲಿನಿಂದ ಒಳಹೊಕ್ಕು, ಸ್ನಾನ ಮುಗಿಸಿಯೇ ನನ್ನೆದುರು ಬರುತ್ತಿದ್ದಳು, ಬಂದರೂ ದೂರದ ಕುರ್ಚಿಯಲ್ಲಿ ಕೂರುತ್ತಿದ್ದಳು. ಅಳಿಯ ಮಹಡಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ದಿನವಿಡೀ ಕಂಪ್ಯೂಟರಿನೊಂದಿಗೆ ಮಾತಾಡುತ್ತಿದ್ದ. ನನ್ನ ಪಾಲಿಗೆ ಉಳಿದದ್ದು ಊಟದ ಕೋಣೆಯ ಕಿಟಕಿ. ಅದರಾಚೆ ಒಂದು ಗಿಡ್ಡ ಗೋಡೆ, ಕಸದ ಡಬ್ಬಿಗಳು, ಅವುಗಳಾಚೆ ಪಕ್ಕದ ಮನೆಯ ಅಡುಗೆಕೋಣೆಯ ಕಿಟಕಿ. ಆ ಮನೆಯಲ್ಲಿ ಎಂಬತ್ತು ದಾಟಿದ ಐರಿಶ್ ಹೆಂಗಸೊಬ್ಬಳು ಒಬ್ಬಳೇ ಇದ್ದಳು. ಆಕೆಯೂ ಗೂಡಿನೊಳಗಿನ ಹುಳುವೇ.

ನನ್ನ ಬಗ್ಗೆ ಇಷ್ಟು ಹೇಳಬೇಕು. ಉಡುಪಿಯ ಕಡೆಯಿಂದ ಹುಡುಗನಾಗಿ ಮುಂಬಯಿಗೆ ಹೋದ ನಮ್ಮವರಲ್ಲಿ ಹೆಚ್ಚಿನವರು ಹೋಟೆಲು ಸೇರಿದರೆ, ನಾನು ಬಟ್ಟೆ ಮಿಲ್ಲು ಸೇರಿದೆ. ಅಲ್ಲಿ ಮಗ್ಗಕ್ಕೆ ಸಾಂಚಾ ಎನ್ನುತ್ತಿದ್ದರು. ನೇಯ್ಗೆಯ ವಿಭಾಗ ಸಾಂಚಾ ಖಾತೆ. ದೊಡ್ಡ ಮುಷ್ಕರದಲ್ಲಿ ಮಿಲ್ಲು ಮುಚ್ಚುವ ತನಕ ಅಲ್ಲಿದ್ದೆ. ನಾನು ಓದಿದ ಮೊದಲ ಇಂಗ್ಲಿಷ್ ಪದ 'ಬ್ಲ್ಯಾಕ್‌ಬರ್ನ್'. ನನ್ನ ಸಾಂಚಾದ ಕಬ್ಬಿಣದ ಮೈಯಲ್ಲಿ ಆ ಅಕ್ಷರಗಳು ಎರಕವಾಗಿದ್ದವು. ಅದು ಇಂಗ್ಲೆಂಡಿನ ಲಂಕಾಶೈರ್ ಎಂಬ ಸೀಮೆಯ ಊರೆಂದೂ, ಯಂತ್ರ ಅಲ್ಲಿ ತಯಾರಾದದ್ದೆಂದೂ ಕನ್ನಡ ರಾತ್ರಿಶಾಲೆಯ ಮೇಷ್ಟರು ಹೇಳಿದರು. ಅದೇ ಸೀಮೆಯ ನೇಕಾರರು ತಮ್ಮ ಬಟ್ಟೆ ಮಾರುವುದಕ್ಕಾಗಿ ನಮ್ಮ ನೇಕಾರರ ಹೆಬ್ಬೆರಳು ಕತ್ತರಿಸಿದರೆಂದೂ ಹೇಳಿದರು.

"ಸರ್, ಕತ್ತರಿಸಿದ್ದು ಅಲ್ಲಿಯ ನೇಕಾರರೋ, ಇಲ್ಲಿಯ ವ್ಯಾಪಾರಿಗಳೋ? ವ್ಯಾಪಾರಿಯಾದರೆ ತನಗೆ ಬಟ್ಟೆ ನೇಯ್ದು ಕೊಡುವವನ ಬೆರಳನ್ನೇ ಯಾಕೆ ಕಡಿಯುತ್ತಾನೆ?" ಎಂದು ಕೇಳಿದೆ.

"ನೀನೇನು ಇಂಗ್ಲಿಷರ ವಕೀಲನೋ?"

"ಅಲ್ಲ ಸರ್, ನೇಕಾರ."

ಮೇಷ್ಟರು ಆ ಪ್ರಶ್ನೆಯನ್ನು ಮುಂದೆ ಬೆಳೆಯಗೊಡಲಿಲ್ಲ. ಹಾಗೆ ನಡೆಯಲೇ ಇಲ್ಲವೆಂದು ನಾನು ವಾದಿಸುವುದಿಲ್ಲ. ಯಾರು ಕಂಡರು, ಯಾರು ಮೊದಲು ಬರೆದರು ಎಂದು ಅಂದಿನಿಂದ ಕೈಗೆ ಸಿಕ್ಕ ಪುಸ್ತಕಗಳಲ್ಲೆಲ್ಲ ಹುಡುಕಿದ್ದೇನೆ. ಒಂದು ಪುಸ್ತಕದ ಉತ್ತರ ಇನ್ನೊಂದರಲ್ಲಿಲ್ಲ. ನೇಯ್ಗೆಯಿಂದ ಬಂದ ಅಭ್ಯಾಸವಿದು. ಬಟ್ಟೆಯ ಮೇಲ್ಮೈ ನೋಡಿ ಒಪ್ಪುವವನು ಗಿರಾಕಿ. ನೇಕಾರ ಅದನ್ನು ತಿರುಗಿಸಿ ಹಿಂಬದಿ ನೋಡುತ್ತಾನೆ.

ಸಾಂಚಾ ಖಾತೆಯ ಸದ್ದು ನನ್ನ ಕಿವಿಗಳ ಬಹುಪಾಲನ್ನು ಅಲ್ಲಿಯೇ ಇಟ್ಟುಕೊಂಡಿತು. ಆ ಗದ್ದಲದಲ್ಲಿ ಕೂಗಿದರೂ ಕೇಳುತ್ತಿರಲಿಲ್ಲವಾದ್ದರಿಂದ ನಾವು ಬರಿ ತುಟಿಗಳಿಂದ ಮಾತಾಡುತ್ತಿದ್ದೆವು. ಅಕ್ಷರ ಅಕ್ಷರವನ್ನೂ ತುಟಿಯ ಮೇಲೆ ದೊಡ್ಡದಾಗಿ ಬಿಡಿಸಿ ತೋರಿಸಬೇಕು, ಸಂದೇಹ ಬಂದಲ್ಲಿ ಕೈಸನ್ನೆ ಸೇರಿಸಬೇಕು. ಮಗಳು ಇಂದಿಗೂ ನನ್ನೊಡನೆ ಮಾತಾಡುವಾಗ ಮುಖವನ್ನು ಬೆಳಕಿಗೆ ತಿರುಗಿಸಿಕೊಳ್ಳುತ್ತಾಳೆ. ಕೂಸಾಗಿದ್ದಾಗಿನಿಂದ ಬಂದ ರೂಢಿ. ತನಗೆ ಅದರ ಅರಿವಿದೆಯೋ ಇಲ್ಲವೋ.

ಮಗಳಿಗೆ ರಜೆಯಿದ್ದ ಒಂದು ಬೆಳಿಗ್ಗೆ ನಾನು ಕಿಟಕಿಯ ಬಳಿ ಕುಳಿತು ಅಂಗಿಗೆ ಗುಂಡಿ ಹೊಲಿಯುತ್ತಿದ್ದೆ. ಸೂಜಿಗೆ ಪೋಣಿಸುವ ಮೊದಲು ದಾರದ ತುದಿಯನ್ನು ತುಟಿಗಿಟ್ಟು ಒದ್ದೆ ಮಾಡಿದೆ. ಎದುರು ಕಿಟಕಿಯಲ್ಲಿ ನಿಂತಿದ್ದ ನೆರೆಮನೆಯಾಕೆ ಅದನ್ನು ಕಂಡು ನಕ್ಕಳು. ಬಳಿಕ ಮುಷ್ಟಿಯನ್ನು ಬಾಯಿಗೆ ತಂದು, ತುಟಿ ಚೂಪು ಮಾಡಿ ಅದರ ಮೇಲಿಟ್ಟು, ಕೈಯನ್ನು ಥಟ್ಟನೆ ಪಕ್ಕಕ್ಕೆ ಬೀಸಿದಳು.

ಮಗಳ ಕಾಫಿ ನೆತ್ತಿಗೇರಿತು. "ಅಪ್ಪಾ! ಆ ಅಜ್ಜಿ ನಿಮಗೆ ಮುತ್ತು ಕೊಡ್ತಿದ್ದಾರೆ!"

ನಾನು ಎದ್ದು ನಿಂತು, ಮುಷ್ಟಿಯನ್ನು ಬಾಯಿಗೆ ತಂದು, ಅದನ್ನೇ ಮಾಡಿದೆ.

"ಅಯ್ಯೋ, ನೀವೂ ಕೊಟ್ರಾ? ಲಾಕ್‌ಡೌನ್ ಅಂತ ಮನೆಯಲ್ಲಿ ಬಿಟ್ಟರೆ ನಿಮ್ಮದು ಇದಾ ಕಥೆ?"

"ಅದು ಮುತ್ತಲ್ಲ ಮಾರಾಯ್ತಿ. ಅವರು ಲಾಳಿಗೆ ನೂಲು ಹಾಕುವುದು. ಅವರು ಮಿಲ್ಲಿನವರು!"

ಮಗ್ಗದಲ್ಲಿ ಅಡ್ಡನೂಲನ್ನು ಅತ್ತಿತ್ತ ಒಯ್ಯುವ ಲಾಳಿಯ ಪಕ್ಕದಲ್ಲಿ ಒಂದು ಸಣ್ಣ ಕಣ್ಣಿರುತ್ತದೆ. ಒಳಗಿನ ಕಂಡಿಕೆಗೆ ಸುತ್ತಿದ ನೂಲು ಮುಗಿದಾಗ ಹೊಸ ಕಂಡಿಕೆ ಇಟ್ಟು, ಅದರ ತುದಿಯನ್ನು ಆ ಕಣ್ಣಿನಿಂದ ಹೊರಗೆ ತರಬೇಕು. ಬೆರಳು ಹೋಗದು, ಸೂಜಿಗೆ ಸಮಯವಿಲ್ಲ. ಕಣ್ಣಿಗೆ ಬಾಯಿಟ್ಟು ಉಸಿರು ಎಳೆದರೆ ನೂಲು ತುಟಿಗೆ ಬರುತ್ತದೆ. ಜೊತೆಯಲ್ಲಿ ಹತ್ತಿಯ ಧೂಳು, ಎಣ್ಣೆ, ಹಿಂದಿನ ಪಾಳಿಯವನ ಎಂಜಲು. ಇಂಗ್ಲಿಷರು ಅದನ್ನು ಲಾಳಿಗೆ ಮುತ್ತು ಕೊಡುವುದು ಎನ್ನುತ್ತಿದ್ದರು. ಮುಂದೊಂದು ದಿನ ಅಳಿಯನ ಟ್ಯಾಬಿನಲ್ಲಿ ಹುಡುಕಿದಾಗ, ನೇಕಾರರು ಅದೃಷ್ಟಕ್ಕಾಗಿ ಲಾಳಿಯನ್ನು ಮುದ್ದಿಸುತ್ತಿದ್ದರೆಂದು ಯಾರೋ ಬರೆದದ್ದು ಸಿಕ್ಕಿತು. ಹಾಗೆ ಬರೆದವರು ಎಂದೂ ಲಾಳಿಗೆ ಬಾಯಿ ಇಟ್ಟಿರಲಾರರು.

ಆ ಎಂಜಲಿಗೆ ನಮ್ಮ ಕಡೆ ಇನ್ನೊಂದು ಕಥೆಯಿತ್ತು. ನಾನು ಮಿಲ್ಲು ಸೇರುವುದಕ್ಕಿಂತ ಹಿಂದಿನ ಕಾಲದಲ್ಲಿ ದಲಿತರನ್ನು ಸಾಂಚಾ ಖಾತೆಗೆ ಸೇರಿಸುತ್ತಿರಲಿಲ್ಲ, ನೂಲುವ ಖಾತೆಯಲ್ಲೇ ಇಡುತ್ತಿದ್ದರು. ಅವರಿಗೆ ನೇಯ್ಗೆಯ ಕೈ ಕೂಡಿಬರುವುದಿಲ್ಲ ಎಂಬುದು ನನಗೆ ಹೇಳಿದ ಕಾರಣ. ಒಂದೇ ಲಾಳಿಗೆ ಅವರೂ ಬಾಯಿ ಇಡಬೇಕಾಗುತ್ತಿತ್ತು ಎಂಬ ನಿಜವಾದ ಕಾರಣವನ್ನು ನಾನೇ ಹುಡುಕಿ ತಿಳಿಯಬೇಕಾಯಿತು. ಈಗ ಇಲ್ಲಿಯ ಅಂಗಡಿಗಳ ಮುಂದೆ ಮಾರುದ್ದ ದೂರ ನಿಂತ ಜನರನ್ನು ಟೀವಿಯಲ್ಲಿ ನೋಡುವಾಗ, ಎಲ್ಲರಿಗೂ ಎಲ್ಲರ ಎಂಜಲೂ ಭಯವಾದ ಕಾಲ ಬಂತಲ್ಲ ಎಂದುಕೊಂಡೆ.

ಅಂದಿನಿಂದ ಕಿಟಕಿಯ ಮಾತುಕತೆ ಶುರುವಾಯಿತು. ನನ್ನ ಇಂಗ್ಲಿಷ್ ಪುಸ್ತಕದಿಂದ ಬಂದದ್ದು. ಇಲ್ಲಿಯ ಜನ ನುಂಗಿ ಆಡುವ ಇಂಗ್ಲಿಷ್ ನನ್ನ ಉಳಿದಷ್ಟು ಕಿವಿಗೆ ಎಂದೂ ದಕ್ಕಿರಲಿಲ್ಲ. ಎರಡು ಗಾಜುಗಳಾಚೆಯಿಂದ, ಸದ್ದೇ ಇಲ್ಲದೆ, ಆ ಹೆಂಗಸಿನ ಇಂಗ್ಲಿಷ್ ಮಾತ್ರ ನನಗೆ ಅರ್ಥವಾಯಿತು. ಆಕೆ ಮಗ್ಗದ ಶಾಲೆಯಲ್ಲಿ ಕಲಿತ ರೀತಿಯಲ್ಲೇ, ಒಂದೊಂದು ಪದವನ್ನೂ ತುಟಿಯಲ್ಲಿ ಕೆತ್ತಿ ನಿಲ್ಲಿಸುತ್ತಿದ್ದಳು. ನಾನು 'ಬ್ಲ್ಯಾಕ್‌ಬರ್ನ್' ಎಂದು ತುಟಿಯಾಡಿಸಿದೆ. ಎರಡು ಬಾರಿ ಬಾಯಿ ಮುಚ್ಚಿ ತೆರೆಯುವ ಆ ಪದ ಆಕೆಗೆ ತಕ್ಷಣ ತಲುಪಿತು, ಚಪ್ಪಾಳೆ ತಟ್ಟಿದಳು.

ಆಕೆ ಹುಟ್ಟಿದ್ದು ಐರ್ಲೆಂಡಿನ ಪಶ್ಚಿಮದ ಕಲ್ಲುನೆಲದಲ್ಲಿ. ಹುಡುಗಿಯಾಗಿದ್ದಾಗಲೇ ಚಿಕ್ಕಮ್ಮನ ಹಿಂದೆ ಲಂಕಾಶೈರಿಗೆ ಹೋಗಿ ಹತ್ತಿಯ ಮಿಲ್ಲಿನಲ್ಲಿ ನೇಕಾರಳಾದಳು. ಬಾಯಿ ಹಾಕದೆ ಕೈಯಿಂದಲೇ ನೂಲು ಎಳೆಯುವ ಹೊಸ ಲಾಳಿ ಬಂದಿತ್ತಂತೆ, ಆದರೂ ಬಾಯಿಯೇ ಬೇಗವೆಂದು ಹಳಬರು ಬಿಡಲಿಲ್ಲವಂತೆ. ಮುಂದಿನ ಹಲ್ಲುಗಳು ಅದರಿಂದಲೇ ಹೋದವೆಂದು ಬಾಯಿ ತೆರೆದು ತೋರಿಸಿದಳು. ನನ್ನವೂ ಹೋಗಿವೆ, ಲಾಳಿಯಿಂದಲೋ ಎಲೆಯಡಿಕೆಯಿಂದಲೋ ನಿರ್ಧರಿಸಲಾರೆ ಎಂದೆ. ತಮ್ಮ ಮೇಸ್ತ್ರಿ ದೇವರಂಥವನು ಎಂದಳು. ಅದನ್ನು ನಾನು ನಂಬಲಿಲ್ಲ. ಮೇಸ್ತ್ರಿಯನ್ನು ನಾವು ಜಾಬರ್ ಎನ್ನುತ್ತಿದ್ದೆವು, ದೇವರಂಥ ಜಾಬರ್ ನಮ್ಮ ಮಿಲ್ಲಿನಲ್ಲಿ ಒಬ್ಬನೂ ಇರಲಿಲ್ಲ.

ಬಹುಕಾಲದಿಂದ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಒಂದು ಮಧ್ಯಾಹ್ನ ಕೇಳಿದೆ. ನಮ್ಮ ನೇಕಾರರ ಅನ್ನವನ್ನು ನಿಮ್ಮ ಮಿಲ್ಲುಗಳು ಕಿತ್ತುಕೊಂಡವೆಂದು ನಮಗೆ ಹೇಳಿಕೊಟ್ಟಿದ್ದರು. ನಿಮಗೆ ಏನು ಹೇಳಿದ್ದರು? ಆಕೆ ಬೆರಳನ್ನು ನೇರ ನನ್ನತ್ತ ಚಾಚಿದಳು. ತಮ್ಮ ಮಿಲ್ಲು ಮುಚ್ಚಿದಾಗ ಮೇಸ್ತ್ರಿ ಎಲ್ಲರನ್ನೂ ನಿಲ್ಲಿಸಿ ಹೇಳಿದ್ದು ಇಷ್ಟಂತೆ: ಮುಂಬಯಿಯವರು ಅಗ್ಗದ ಬಟ್ಟೆ ಕಳಿಸುತ್ತಿದ್ದಾರೆ, ನಿಮ್ಮ ಕೆಲಸ ತಿಂದವರು ಅವರು. "ನೀನು!" ಎಂದು ತುಟಿಯಾಡಿಸಿದಳು. ನಾನೂ "ನೀನು!" ಎಂದೆ. ಆಮೇಲೆ ಆಕೆ ಚಹಾದ ಕೆಟಲ್ ಎತ್ತಿ ತೋರಿಸಿದಳು. ನಾನು ನನ್ನ ಲೋಟ ತರಲು ಹೋದೆ.

ಇದಾಗಿ ಕೆಲವು ದಿನಗಳಲ್ಲಿ, ಸಂಜೆ ಊಟಕ್ಕೆ ಕೂತಾಗ ಮಗಳು ತಟ್ಟೆಯನ್ನು ಸರಿಸಿದಳು.

"ಅಪ್ಪಾ, ಪಕ್ಕದ ಮನೆಯವರ ಮಗ ಫೋನ್ ಮಾಡಿದ್ದರು, ಕಾರ್ಕ್ ಊರಿನಿಂದ. ಅಮ್ಮನ್ನ ನರ್ಸಿಂಗ್ ಹೋಮಿಗೆ, ಅದೇ ಇಲ್ಲಿಯ ವೃದ್ಧಾಶ್ರಮಕ್ಕೆ, ಸೇರಿಸ್ತಾರಂತೆ. ಈ ವಾರದಲ್ಲೇ."

"ಎಂಥಕ್ಕೆ?"

"ಕನ್ಫ್ಯೂಷನ್. ಫೋನಲ್ಲಿ ಏನು ಕೇಳಿದರೂ ಇನ್ನೇನೋ ಹೇಳ್ತಾರಂತೆ. ಹೆಲ್ತ್ ನರ್ಸ್ ಬಾಗಿಲಿಗೆ ಬಂದು ಪ್ರಶ್ನೆ ಕೇಳಿದ್ರೆ, ಒಂದಕ್ಕೂ ಸರಿಯಾದ ಉತ್ತರ ಇಲ್ಲ. ಇವತ್ತು ಯಾವ ವಾರ ಅಂದ್ರೆ, ಹಾಲು ಬೇಡ, ಸಕ್ಕರೆ ಸಾಕು ಅಂದ್ರಂತೆ. ಮಗನಿಗೆ ಭಯ ಆಗಿದೆ. ಬರೋಕೂ ಬಿಡಲ್ಲ ಈಗ."

"ನರ್ಸ್ ಮಾಸ್ಕ್ ಹಾಕಿದ್ದಳಾ?"

"ಹಾಕದೆ ಇರ್ತಾರಾ?"

"ಹಾಗಾದರೆ ಅವರಿಗೆ ಬುದ್ಧಿ ಕೆಟ್ಟದ್ದಲ್ಲ. ಕಿವಿ ಇಲ್ಲ, ತುಟಿ ಕಾಣಲಿಲ್ಲ. ಅಷ್ಟೇ."

"ಹಿಯರಿಂಗ್ ಏಡ್ ಇದೆಯಂತಲ್ಲ?"

"ಡ್ರಾಯರಿನಲ್ಲಿ ಉಂಟಂತೆ. ನನ್ನದೂ ಅಲ್ಲೇ ಉಂಟು."

ಮಗಳು ಹಣೆ ಒತ್ತಿಕೊಂಡಳು. "ನೋಡಿ ಅಪ್ಪಾ, ನೀವು ಕಿಟಕಿಯಿಂದ ಮಾತಾಡ್ತೀರಿ, ನಿಮಗೆ ಅವರು ಸರಿಯಾಗೇ ಇರೋ ಹಾಗೆ ಕಾಣ್ತಾರೆ. ಎಲ್ಲರೂ ಹೇಳೋದು ಸುಳ್ಳು ಅನ್ನೋದು ನಿಮಗೆ ಅಭ್ಯಾಸ. ಒಂದು ವೇಳೆ ಅವರು ಗ್ಯಾಸ್ ಹಚ್ಚಿಟ್ಟು ಮರೆತರೆ?"

"ನರ್ಸಿಂಗ್ ಹೋಮಿನಲ್ಲಿ ಇಷ್ಟು ಬೇಗ ಜಾಗ ಹೇಗೆ ಸಿಕ್ಕಿತು?" ಎಂದು ಕೇಳಿದೆ.

ಅಂಥ ಹೋಮುಗಳಿಂದ ಸೋಂಕು ತಗುಲಿ ಬಂದ ಮುದುಕರನ್ನು ಅವಳು ಪ್ರತಿದಿನ ಆಸ್ಪತ್ರೆಯಲ್ಲಿ ನೋಡುತ್ತಿದ್ದಳು. "ಜಾಗ ಯಾಕೆ ಖಾಲಿಯಾಯ್ತು ಅಂತ ಮಾತ್ರ ಕೇಳ್ಬೇಡಿ," ಎಂದಳು. ತಟ್ಟೆಯನ್ನು ಎತ್ತಿಕೊಂಡು ಹೋಗಿ ಸಿಂಕಿನಲ್ಲಿಟ್ಟು, ಬೆನ್ನು ಹಾಕಿಯೇ ನಿಂತಳು. ಬಳಿಕ ಮುಖವನ್ನು ಬೆಳಕಿಗೆ ತಿರುಗಿಸಿದಳು. "ಗಾಜಿನ ಆಚೆಯಿಂದ ಕೇಳಿದ್ರೆ ಮಾಸ್ಕ್ ಬೇಕಾಗಿಲ್ಲ. ನರ್ಸಿಗೆ ನಾನೇ ಫೋನ್ ಮಾಡ್ತೀನಿ. ಆದರೆ ಆಗಲೂ ತಪ್ಪು ಉತ್ತರ ಬಂದ್ರೆ ನೀವು ಸುಮ್ಮನಿರ್ಬೇಕು."

ಒಪ್ಪಿದೆ. ಆ ಉಪಾಯ ನನಗಲ್ಲ, ಅವಳಿಗೆ ಹೊಳೆದದ್ದು.

ನರ್ಸ್ ಎರಡು ಮನೆಗಳ ನಡುವಿನ ಓಣಿಗೆ ಬಂದು, ಕಸದ ಡಬ್ಬಿಗಳ ಬಳಿ ನಿಂತು, ನೆರೆಮನೆಯ ಕಿಟಕಿಗೆ ಎದುರಾಗಿ ಮಾಸ್ಕ್ ಇಳಿಸಿದಳು. ಗಟ್ಟಿಯಾಗಿ ಪ್ರಶ್ನೆ ಕೇಳಿದಳು. ನಾನು ಮಗಳೊಡನೆ ನಮ್ಮ ಕಿಟಕಿಯಲ್ಲಿ ನಿಂತು, ಮುಖ ಕಂಡಿತು, ಇನ್ನು ಸರಿಯಾದ ಉತ್ತರ ಬರುತ್ತದೆ ಎಂದು ಕಾದೆ.

ಒಳಗಿನಿಂದ ಆಕೆ, ಕಿವುಡರ ದೊಡ್ಡ ದನಿಯಲ್ಲಿ, "ಇಲ್ಲಮ್ಮ, ಕಸದವರು ಬರೋದು ಗುರುವಾರ!" ಎಂದಳು.

ಮಗಳು ನನ್ನ ಕಡೆ ನೋಡಲಿಲ್ಲ. ನನ್ನ ಸಿದ್ಧಾಂತ ಅರ್ಧ ತಪ್ಪಾಗಿತ್ತು. ಮಾಸ್ಕೊಂದೇ ಅಡ್ಡಿಯೆಂದು ತಿಳಿದಿದ್ದೆ. ನರ್ಸಿನ ಬಾಯಿಯನ್ನು ಪಕ್ಕದಿಂದ ಗಮನಿಸಿದರೆ ಅವಳ ತುಟಿಗಳು ಅಲುಗುತ್ತಲೇ ಇರಲಿಲ್ಲ. ಇಲ್ಲಿಯ ಗಾಳಿಗೆ ಹೆದರಿ ಬಾಯಿ ತೆರೆಯದೆ ಮಾತಾಡುವ ರೂಢಿಯೋ ಏನೋ. ಮಗ್ಗದ ಪಕ್ಕದಲ್ಲಿ ನಿಂತು ಬದುಕದವರಿಗೆ ತುಟಿಯಲ್ಲಿ ಮಾತಾಡಲು ಬರುವುದಿಲ್ಲ.

ನೆರೆಮನೆಯಾಕೆ ನರ್ಸನ್ನು ದಾಟಿ ನನ್ನತ್ತ ಕಣ್ಣು ಹಾಯಿಸಿದಳು. ಮೋಸಹೋದವರ ಮುಖವಿತ್ತು ಆಕೆಗೆ.

"ಏನು ಕೇಳಿದಳೋ ಅದನ್ನು ನನಗೆ ಹೇಳು," ಎಂದೆ ಮಗಳಿಗೆ.

ಮಗಳು ನರ್ಸಿಗೆ ಫೋನ್ ಹಚ್ಚಿದಳು. ನರ್ಸ್ ಪ್ರಶ್ನೆಯನ್ನು ಫೋನಿನಲ್ಲಿ ಹೇಳುವುದು, ಮಗಳು ಅದನ್ನು ಕನ್ನಡದಲ್ಲಿ ನನಗೆ ಹೇಳುವುದು, ನಾನು ಇಂಗ್ಲಿಷಿನಲ್ಲಿ ತುಟಿಯಾಡಿಸುವುದು, ಆಕೆ ಉತ್ತರವನ್ನು ಗಟ್ಟಿಯಾಗಿ ನರ್ಸಿಗೇ ಕೊಡುವುದು ಎಂದಾಯಿತು. ಮೊದಲ ಪ್ರಶ್ನೆ, ಈಗ ದೇಶದ ಪ್ರಧಾನಿ ಯಾರು? ಚುನಾವಣೆ ಮುಗಿದು ತಿಂಗಳುಗಳಾದರೂ ಹೊಸ ಸರ್ಕಾರ ಇನ್ನೂ ಕೂಡಿಬಂದಿರಲಿಲ್ಲ.

"ಅದನ್ನು ಅವರೇ ಇನ್ನೂ ತೀರ್ಮಾನಿಸಿಲ್ಲ, ನನ್ನನ್ನು ಯಾಕೆ ಕೇಳ್ತೀ?" ಎಂದಳು ಆಕೆ.

ನರ್ಸ್ ನಕ್ಕಳು. ನಕ್ಕ ಮೇಲೆ ನಮ್ಮ ಕಿಟಕಿಯತ್ತ ತಿರುಗಿ ಫೋನಿನಲ್ಲಿ ಏನೋ ಹೇಳಿದಳು.

"ಅಪ್ಪಾ, ನೀವೇ ಉತ್ತರ ಹೇಳಿಕೊಡ್ತಿಲ್ಲ ಅಂತ ಏನು ಗ್ಯಾರಂಟಿ ಅಂತ ಕೇಳ್ತಿದ್ದಾರೆ."

ಆ ನರ್ಸಿನ ಮೇಲೆ ನನಗೆ ಗೌರವ ಹುಟ್ಟಿದ್ದು ಆಗ. "ಸರಿಯಾಗಿಯೇ ಕೇಳಿದಳು. ನನಗೆ ಗೊತ್ತಿರಲಾರದ್ದನ್ನು ಕೇಳಲು ಹೇಳು."

ನರ್ಸ್ ಮಾತ್ರೆಗಳ ವಿಷಯ ಕೇಳಿದಳು. ಯಾವುವು, ಎಷ್ಟು ಹೊತ್ತಿಗೆ. ಬೆಳಿಗ್ಗೆಯವನ್ನು ಆಕೆ ಹೆಸರು ಬಣ್ಣ ಸಮೇತ ಹೇಳಿದಳು. ಸಂಜೆಯ ಚಿಕ್ಕ ಹಳದಿ ಮಾತ್ರೆಗೆ ಬಂದಾಗ ತಡೆದಳು. ಒಳಗೆ ಹೋಗಿ, ದಿನಕ್ಕೆರಡು ಕೋಣೆಯಿರುವ ಮಾತ್ರೆಯ ಡಬ್ಬಿ ತಂದು ತೆರೆದಳು. ಬೆಳಗಿನ ಸಾಲು ಅಂದಿನವರೆಗೆ ಖಾಲಿಯಿತ್ತು. ಸಂಜೆಯ ಸಾಲಿನಲ್ಲಿ, ಕಳೆದುಹೋದ ದಿನಗಳ ಮಾತ್ರೆಗಳು ಹಾಗೆಯೇ ಉಳಿದಿದ್ದವು.

ಮುಚ್ಚಿಬಿಡು ಎಂದು ಹೇಳಲು ನನ್ನ ತುಟಿ ಎದ್ದದ್ದು ನಿಜ. ಆಕೆ ಮುಚ್ಚಲಿಲ್ಲ. ಡಬ್ಬಿಯನ್ನು ಗಾಜಿಗೆ ಒತ್ತಿ ಹಿಡಿದು ನರ್ಸಿಗೆ ತೋರಿಸಿದಳು. "ಇದನ್ನು ಮರೀತೀನಿ. ಸಂಜೆ ಯಾವಾಗ ಆಯ್ತು ಅಂತ ಈಗ ಗೊತ್ತೇ ಆಗಲ್ಲ. ಯಾರೂ ಬರೋದಿಲ್ಲವಲ್ಲ," ಎಂದಳು.

ನೇಯ್ಗೆಯಲ್ಲಿ ಎಳೆ ತಪ್ಪಿದರೆ ಹಾಗೆ. ಮೇಸ್ತ್ರಿ ಹಿಡಿಯುವ ಮೊದಲು ತಾನೇ ಮಗ್ಗ ನಿಲ್ಲಿಸಿ ತೋರಿಸಿದರೆ ಬಟ್ಟೆ ಉಳಿಯುತ್ತದೆ.

ನರ್ಸ್ ಬಹಳ ಹೊತ್ತು ಡಬ್ಬಿಯನ್ನು ನೋಡಿದಳು. ಆಮೇಲೆ ಅವಳೂ ಮಗಳೂ ಫೋನಿನಲ್ಲಿ ಮಾತಾಡಿಕೊಂಡರು. ಅದು ನನಗೆ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಮಗಳು ಫೋನ್ ಇಟ್ಟು ತಿರುಗಿದಳು.

"ಮರೆವು ಇದೆಯಂತೆ, ಸ್ವಲ್ಪ. ಮನೆ ಬಿಡಿಸುವಷ್ಟಿಲ್ಲ. ಬೆಳಿಗ್ಗೆ ಒಬ್ಬರು ಬಂದು ನೋಡ್ಕೊಂಡು ಹೋಗ್ತಾರೆ. ಸಂಜೆ ಮಾತ್ರೆಗೆ ಯಾರಾದ್ರೂ ಜ್ಞಾಪಿಸಿದ್ರೆ, ಸದ್ಯಕ್ಕೆ ಇಲ್ಲೇ ಇರಬಹುದು. ಮಗನಿಗೆ ನರ್ಸೇ ಹೇಳ್ತಾರಂತೆ."

"ಯಾರಾದರೂ ಅಂದರೆ?"

"ಇನ್ಯಾರು? ಕಿಟಕಿಯಲ್ಲಿ ದಿನವೆಲ್ಲ ಕೂರೋರು ಈ ರಸ್ತೆಯಲ್ಲಿ ಎಷ್ಟು ಜನ ಇದ್ದಾರೆ?"

ಹಾಗೆ ಆ ಕೆಲಸ ನನ್ನ ಪಾಲಿಗೆ ಬಂತು. ಮಗಳು ಬರುವ ಹೊತ್ತಿಗೆ ನಾನು ದೀಪ ಹಾಕಿ ಕಿಟಕಿಗೆ ಹೋಗುತ್ತಿದ್ದೆ. ಆಕೆ ಕಂಡೊಡನೆ ಮುಷ್ಟಿಯನ್ನು ಬಾಯಿಗಿಟ್ಟು ಉಸಿರೆಳೆಯುತ್ತಿದ್ದೆ. ಆಕೆ ಮಾತ್ರೆ ನುಂಗಿ, ಆ ದಿನದ ಖಾಲಿ ಕೋಣೆಯನ್ನು ಗಾಜಿಗೆ ಹಿಡಿದು ತೋರಿಸುತ್ತಿದ್ದಳು. ಕೆಲವು ಸಂಜೆ ಮರೆವು ಹೆಚ್ಚಾಗಿರುತ್ತಿತ್ತು. ನಾನು ಯಾಕೆ ಕರೆಯುತ್ತಿದ್ದೇನೆಂದು ಸ್ವಲ್ಪ ಯೋಚಿಸುತ್ತಿದ್ದಳು. ಲಾಳಿಯ ಸನ್ನೆ ಕಂಡರೆ ಮಾತ್ರ ಕೈ ತಾನಾಗಿ ಡಬ್ಬಿಗೆ ಹೋಗುತ್ತಿತ್ತು. ಪ್ರಯಾಣದ ನಿರ್ಬಂಧ ಸಡಿಲವಾದಾಗ ಮಗ ಕಾರ್ಕಿನಿಂದ ಬಂದು, ತೋಟದಲ್ಲಿ ನಿಂತು, ತಾಯಿಗೆ ಮುಖ ಕೊಟ್ಟು ನಿಧಾನವಾಗಿ ಮಾತಾಡುವುದನ್ನು ಅಭ್ಯಾಸ ಮಾಡಿದ. ಅವನ ತುಟಿಗಳೂ ಸೋಮಾರಿಗಳೇ.

ಶರತ್ಕಾಲದಲ್ಲಿ ನನಗೆ ಊರಿಗೆ ಟಿಕೆಟ್ ಸಿಕ್ಕಿತು. ಹೊರಡುವ ಹಿಂದಿನ ಸಂಜೆ ಮಗಳು ಸ್ನಾನ ಮುಗಿಸಿ ನೇರವಾಗಿ ಕಿಟಕಿಯ ಬಳಿಗೇ ಬಂದಳು.

"ಅಪ್ಪಾ, ನನಗೆ ಹೇಳಿಕೊಡಿ. ನಾಳೆಯಿಂದ ನಾನೇ ಮಾಡ್ಬೇಕಲ್ಲ."

ತೋರಿಸಿದೆ. ಅವಳು ಮುಷ್ಟಿಯನ್ನು ಬಾಯಿಗೆ ತಂದಳು, ತುಟಿ ಚೂಪು ಮಾಡಿದಳು, ಕೈ ಬೀಸಿದಳು.

"ಹಾಗಲ್ಲ ಮಗಾ. ಉಸಿರು ಹೊರಗೆ ಬಿಡಬಾರದು, ಒಳಗೆ ಎಳೆಯಬೇಕು. ನೀನು ಮಾಡಿದ್ದು ಮುತ್ತಾಯಿತು."

"ಎರಡೂ ಒಂದೇ ಥರ ಕಾಣತ್ತಪ್ಪ!"

ಎದುರು ಕಿಟಕಿಯಲ್ಲಿ ಆಕೆ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಮಗಳ ಕೈಯನ್ನು ಗಮನಿಸಿ, ತಲೆ ಅಲ್ಲಾಡಿಸಿ, ಕೆನ್ನೆಗಳು ಗುಳಿ ಬೀಳುವಂತೆ ಉಸಿರೆಳೆದು ತಿದ್ದಿ ತೋರಿಸಿದಳು. ಮಗಳು ಮತ್ತೆ ಮಾಡಿದಳು. ಮತ್ತೆ ಮುತ್ತೇ ಆಯಿತು. ಆಕೆ ಕೈ ಚೆಲ್ಲಿ ನಕ್ಕು, ಡಬ್ಬಿ ತೆರೆದು ಹಳದಿ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡಳು.